ತಗಡಿನಿಂದ ಸುಳ್ಳು ಹೇಳಿಸದ ಉದ್ದಪ್ಪ

ಬೆಳಗಿನ ಐದೂವರೆ. ಧುಪದಾಳ ರಸ್ತೆಯ ಬದಿಯ ಶೆಡ್ಡಿನಲ್ಲಿ ಅರವತ್ತು ವರ್ಷ ದಾಟಿದ ಒಂದು ಕರಿ ಕಾರು ನಿಂತಿದೆ. ಅದಕ್ಕಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರಾದ ಉದ್ದಪ್ಪ ಬಾಗಿಲ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತದೆ, ಮತ್ತೆ ಮುಂದೆ ಸರಿಯುತ್ತದೆ. ಇಂದು ಹನ್ನೊಂದಕ್ಕೆ ಕಾರಿನ ಪರೀಕ್ಷೆ.

"ನಿದ್ದಿ ಇಲ್ಲದ ರಾತ್ರಿಯೆಲ್ಲಾ ಹೊಳ್ಳ್ಯಾಡ್ಯಾರ್ರಿ," ಎನ್ನುತ್ತಾರೆ ಚಹಾ ತಂದ ಪತ್ನಿ ಸತ್ತೆವ್ವ.

ಮಸಗುಪ್ಪಿಯ ಕುರುಬರ ಮನೆಯ ಉದ್ದಪ್ಪ ಹದಿನಾರಕ್ಕೆ ಹುಕ್ಕೇರಿಯ ಗ್ಯಾರೇಜು ಸೇರಿ ತಗಡು ಬಡಿಯುವುದನ್ನು ಕಲಿತವರು. ಈವರೆಗೆ ಹನ್ನೊಂದು ಹಳೆಯ ಕಾರುಗಳಿಗೆ ಮರುಜೀವ ಕೊಟ್ಟಿದ್ದಾರೆ. ಒಂದು ಮಡ್‌ಗಾರ್ಡ್ ಮೊದಲಿನ ಆಕಾರಕ್ಕೆ ಬರಲು ಆರು ದಿನ ಬೇಕು. ಬಡಿದ ಸದ್ದಿಗೆ ಎಡಗಿವಿ ಈಗ ಕೇಳುವುದಿಲ್ಲ.

ಈ ಕಾರು ಹುಕ್ಕೇರಿಯ ಅಣ್ಣಾಸಾಹೇಬರದು. ತುಕ್ಕು ತಿಂದ ಕಾರಿನ ಜೊತೆಗೇ ಅವರು ಪುಣೆಯಿಂದ ಹೊಚ್ಚ ಹೊಸ ಬಾಡಿಯೊಂದನ್ನೂ ತರಿಸಿದ್ದರು. ಹಳೆಯದರ ಅಳತೆಗೆ ಈಗ ಮಾಡಿದ್ದು, ನೋಡಲು ಥೇಟ್ ಹಾಗೇ. ಹಳೆಯ ಬಾಡಿಯ ಮೇಲೆ ಕಂಪನಿ ಅಚ್ಚೊತ್ತಿದ್ದ ನಂಬರು ಇರುವಷ್ಟು ತಗಡು ಕತ್ತರಿಸಿ ಹೊಸದಕ್ಕೆ ವೆಲ್ಡಿಂಗ್ ಮಾಡಬೇಕು, ಬಣ್ಣ ಬಳಿದು ಅಸಲಿ ಕಾರು ಎಂದು ಮಾರಬೇಕು. ಅದು ಅವರ ಲೆಕ್ಕಾಚಾರ.

ಉದ್ದಪ್ಪ ಒಪ್ಪಲಿಲ್ಲ. ನಾಲ್ಕು ತಿಂಗಳು ಕೂತು ಹಳೆಯ ಬಾಡಿಯನ್ನೇ ಉಳಿಸಿದರು. ಮಣ್ಣಾಗಿ ಉದುರಿದ್ದ ತಳ ಮಾತ್ರ ಉಳಿಯಲಿಲ್ಲ. ಅಷ್ಟನ್ನು ಹೊಸ ಬಾಡಿಯಿಂದ ಕತ್ತರಿಸಿ ಕೂಡಿಸಿದರು. ಕೂಡಿಸಿದ ತಗಡಿನ ಮೇಲೆ ಉಳಿಯಿಂದ 'ಹೊಸದು' ಎಂದು ಕೊರೆದು, ಇಸವಿ ಹಾಕಿದರು.

ಕಳೆದ ವಾರ ಅದು ಅಣ್ಣಾಸಾಹೇಬರ ಕಣ್ಣಿಗೆ ಬಿತ್ತು.

"ಕಾಕಾ, ಇದೇನಿದು? ಅಳಸ್ರಿ ಮೊದಲ."

"ನನ್ನ ಕೈಲೆ ಆಗೂದಿಲ್ರಿ ಸಾವಕಾರ್ರ. ಗ್ರೈಂಡರ್ ಅಲ್ಲೈತಿ. ನೀವ ಅಳಸ್ರಿ."

ಅಣ್ಣಾಸಾಹೇಬರು ಗ್ರೈಂಡರನ್ನು ನೋಡಿದರು, ಉದ್ದಪ್ಪನವರನ್ನು ನೋಡಿದರು. "ಗಿರಾಕಿ ಕೈ ಬಿಟ್ರ, ಮುಂದ ನಿನಗ ಕೊಡಬೇಕಂದಿದ್ದ ನನ್ನ ಹಳೇ ಜೀಪ್ ಇಲ್ಲಿಗೆ ಬರಂಗಿಲ್ಲ, ನೆನಪಿಟಗೊ ಉದ್ದಪ್ಪಾ," ಎಂದು ಅಕ್ಷರ ಅಳಿಸದೆಯೇ ಹೊರಟರು. ಕಾಕಾ ಅನ್ನುವುದು ಅಲ್ಲಿಗೆ ಮುಗಿದಿತ್ತು.

ಇಂದು ಹನ್ನೊಂದಕ್ಕೆ ಸರಿಯಾಗಿ ಕೊಲ್ಹಾಪುರದ ಗಿರಾಕಿಯ ಪರವಾಗಿ ಕೇದಾರಿ ಎಂಬ ಪರೀಕ್ಷಕರು ಬರುತ್ತಾರೆ. ಬಣ್ಣದಡಿ ಇರುವುದು ತಗಡೇ ಎಂದು ತಿಳಿಯಲು ಅಯಸ್ಕಾಂತ ಹಿಡಿದು ಬಾಗಿಲು, ಛಾವಣಿ, ಕಂಬಗಳಿಗೆಲ್ಲ ಮುಟ್ಟಿಸಿ ನೋಡುತ್ತಾರೆ. ಬಳಿಕ ಬ್ಯಾಟರಿ ಹಿಡಿದು ಕಾರಿನಡಿ ತೂರುತ್ತಾರೆ. ಅಣ್ಣಾಸಾಹೇಬರು ಶೆಡ್ಡಿನ ಬಾಗಿಲಿಗೂ ರಸ್ತೆಗೂ ನಡುವೆ ಓಡಾಡುತ್ತಾರೆ. ಸತ್ತೆವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಒಳ್ಳೆಯ ಕಿವಿಯನ್ನು ಕಾರಿನ ಕಡೆ ತಿರುಗಿಸಿ ಉದ್ದಪ್ಪ ಕಾಯುತ್ತಾರೆ.

ಅರ್ಧ ಗಂಟೆಯ ಮೇಲೆ ಕೇದಾರಿ ಹೊರಬರುತ್ತಾರೆ. "ತಳದಾಗ ಬರದವ್ರು ಯಾರ್ರಿ?"

"ನಾ ರಿ."

"ಬರೀದಿದ್ರ ನನಗ ಗೊತ್ತಾಗತಿರಲಿಲ್ಲ," ಎಂದು ಕೇದಾರಿ ಕಾಗದದ ಮೇಲೆ ಏನೋ ಗೀಚಿ ಹೊರಡುತ್ತಾರೆ. ಅದು ಹೊಗಳಿಕೆಯೋ ದೂರೋ ಯಾರಿಗೂ ತಿಳಿಯುವುದಿಲ್ಲ. ಅಣ್ಣಾಸಾಹೇಬರು ತಿರುಗಿಯೂ ನೋಡದೆ ಗಾಡಿ ಹತ್ತುತ್ತಾರೆ.

ಮೂರನೆಯ ದಿನ ಕೊಲ್ಹಾಪುರದಿಂದ ಸುದ್ದಿ ಬರುತ್ತದೆ. ತಳ ಹೊಸದು, ಉಳಿದದ್ದೆಲ್ಲ ಅಸಲಿ ಎಂಬ ವರದಿ ಓದಿದ ಮೇಲೂ ಗಿರಾಕಿ ಕಾರು ಕೊಂಡಿದ್ದಾನೆ. ಕಾರು ಒಯ್ಯಲು ಅಣ್ಣಾಸಾಹೇಬರು ಬರಲಿಲ್ಲ, ಡ್ರೈವರನನ್ನು ಕಳಿಸಿದರು. ಗಿರಾಕಿ ಕೈ ಬಿಡದಿದ್ದರೂ ಜೀಪು ಗೋಕಾಕದ ಬೇರೆ ಗ್ಯಾರೇಜಿಗೆ ಹೋಯಿತು.

ಬೇಜಾರಾಯಿತೇ ಎಂದು ಕೇಳಿದರೆ ಉದ್ದಪ್ಪ ಸುಳ್ಳು ಹೇಳುವುದಿಲ್ಲ. "ಆತ್ರಿ. ಜೀಪ್ ಛಲೋ ಇತ್ತು." ಸುತ್ತಿಗೆ ಕೈಗೆತ್ತಿಕೊಂಡು ಮುಂದುವರಿಸುತ್ತಾರೆ: "ಮುಂದ ಯಾವನರೆ ಆ ಕಾರು ಬಿಚ್ಚತಾನ್ರಿ. ಕಂಪನ್ಯಾವ್ರು ಮಾಡಿದ್ದ ಯಾವದು, ಈ ಮುದುಕ ಮಾಡಿದ್ದ ಯಾವದು ಅಂತ ಅಂವಾ ತ್ರಾಸ ತಗೋಬಾರದು. ಅಷ್ಟರಿ ನಂದು."