ಮುನೀಂದ್ರನ ಗ್ಯಾರೇಜಿನ ದೀಪಗಳು

ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಮುನೀಂದ್ರ ಗಾಡಿಯ ರೋಗವನ್ನು ಶಬ್ದದಲ್ಲೇ ಹಿಡಿಯುವ ಮೆಕ್ಯಾನಿಕ್. ಬೈಕು ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಚೈನು ಸಡಿಲವಾಗಿದೆಯೋ, ಎಂಜಿನ್ನಿನ ಟ್ಯಾಪೆಟ್ ಬಡಿಯುತ್ತಿದೆಯೋ ಹೇಳಿಬಿಡುತ್ತಾನೆ. ಹುಟ್ಟಿದ್ದು ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ. ಹದಿನೇಳನೇ ವಯಸ್ಸಿಗೆ ಬಂಗಾರಪೇಟೆಯ ಗ್ಯಾರೇಜೊಂದಕ್ಕೆ ಸೇರಿ ಒಂಬತ್ತು ವರ್ಷ ಕೆಲಸ ಕಲಿತ. ಮದುವೆಯಾದ ಮೇಲೆ ಕೋರಮಂಡಲ್‌ನಲ್ಲಿ ಮನೆ ಮಾಡಿ, ಅಂಗಳದ ಆಚೆ ತಗಡಿನ ಚಾವಣಿ ಹಾಕಿ ಸ್ವಂತ ಗ್ಯಾರೇಜು ತೆಗೆದ. ಈಗ ಅವನಿಗೆ ನಲವತ್ತೆಂಟು. ಹೆಂಡತಿ ಸುಮಲತ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ತನ್ನ ಮೊಪೆಡ್ಡಿನಲ್ಲಿ ಹೋದರೆ ಮೂರೂವರೆಗೆ ಮನೆಗೆ ಬರುತ್ತಾಳೆ.

ಹೋದ ಅಕ್ಟೋಬರಿನಲ್ಲಿ ಮುನೀಂದ್ರ ಒಂದು ಹೊಸ ಮಾತು ತೆಗೆದ. ಗ್ಯಾರೇಜಿನ ಲೈಟಿನ ಸ್ವಿಚ್ಚು ಒಳಗೆ ಹಿಂದಿನ ಗೋಡೆಯಲ್ಲಿದೆ, ಹಾಕಬೇಕಾದರೆ ಅಷ್ಟು ದೂರ ಒಳಗೆ ಹೋಗಬೇಕು, ಮನೆಯಿಂದಲೇ ಅಲ್ಲಿ ಲೈಟು ಹತ್ತುವ ಹಾಗೆ ಏನಾದರೂ ಮಾಡಿಸಬೇಕು ಎಂದ.

"ಅರವತ್ತು ಅಡಿ ನಡ್ಯಕ್ಕೆ ಇಷ್ಟು ಸೋಮಾರಿತನಾನಾ?" ಎಂದಳು ಸುಮಲತ.

"ಸೋಮಾರಿತನ ಅಲ್ಲ ಕಣೆ. ಕಾಲಿಗೆ ಸಾಮಾನು ತಗಲ್ತವೆ."

ಅವಳು ಹೆಚ್ಚು ಕೇಳಲಿಲ್ಲ. ಮಾರನೆಯ ದಿನವೇ ಕಲ್ಪನಳಿಗೆ ಫೋನು ಮಾಡಿದಳು. ಕಲ್ಪನ ಬಂಗಾರಪೇಟೆಯವಳು. ಐಟಿಐ ಓದಿ ವೈರಿಂಗ್ ಕೆಲಸ ಹಿಡಿದವಳು. ಸ್ಕೂಟರಿನ ಹಿಂದೆ ಏಣಿ ಕಟ್ಟಿಕೊಂಡು ಕೆಜಿಎಫ್ ಪೂರ್ತಿ ಓಡಾಡುತ್ತಿದ್ದಳು. ಆ ಸ್ಕೂಟರನ್ನು ರಿಪೇರಿ ಮಾಡುತ್ತಿದ್ದವನು ಮುನೀಂದ್ರನೇ.

ಬಂದವಳು ಮೊದಲು ಅಂಗಳವನ್ನೊಮ್ಮೆ ಸುತ್ತಿ ನೋಡಿದಳು. ಮನೆಗೆ ಒಂದು ಮೀಟರು, ಗ್ಯಾರೇಜಿಗೆ ಇನ್ನೊಂದು. ಅಲ್ಲಿಂದ ಇಲ್ಲಿಗೆ ವೈರು ಎಳೆಯುವ ಹಾಗಿಲ್ಲ. ನೆಲದಲ್ಲಿ ಪೈಪು ಹೂಳೋಣವೆಂದರೆ ಒಂದು ಗೇಣು ಅಗೆಯುವಷ್ಟರಲ್ಲಿ ಬಂಡೆ.

"ವೈರ್ ಇಲ್ದಿರೋದೇ ಆಕ್ಬೇಕು ಅಣ್ಣ. ಅದ್ರಲ್ಲಿ ಮೂರು ತರ ಅವೆ," ಎಂದು ಅವಳು ಚೀಲದಿಂದ ಮೂರು ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟಳು.

ಮೊದಲನೆಯದು ಫೋನಿನಲ್ಲಿ ನಡೆಯುವಂಥದ್ದು. ಮನೆಯ ಇಂಟರ್‌ನೆಟ್ಟಿಗೆ ಜೋಡಿಸಿದರೆ ಎಲ್ಲಿಂದ ಬೇಕಾದರೂ ಲೈಟು ಹಾಕಬಹುದು, ಆರಿಸಬಹುದು. ಕಲ್ಪನ ತನ್ನ ಫೋನನ್ನು ಅವನ ಕೈಗೆ ಕೊಟ್ಟಳು. ಬೆರಳಲ್ಲಿ ಗ್ರೀಸು ಮೆತ್ತಿತ್ತು. ಎರಡು ಸಲ ಒತ್ತಿದ, ಮೂರು ಸಲ ಒತ್ತಿದ, ಪರದೆ ಕದಲಲಿಲ್ಲ. "ನನ್ ಕೈಗೆ ಇದು ಬಗ್ಗಲ್ಲಮ್ಮ," ಎಂದು ಅವಳ ಫೋನನ್ನು ಬಟ್ಟೆಯಲ್ಲಿ ಒರೆಸಿ ವಾಪಸು ಕೊಟ್ಟ. ನೆಟ್ಟು ಹೋದ ದಿನ ಏನು ಗತಿ ಎಂದು ಸುಮಲತ ಕೇಳಿದಳು. ಆ ದಿನ ಮತ್ತೆ ಹಿಂದಿನ ಗೋಡೆಗೇ ಹೋಗಬೇಕು ಎಂದಳು ಕಲ್ಪನ.

ಎರಡನೆಯದು ರಿಮೋಟ್ ಸ್ವಿಚ್ಚು. ನೋಡಲು ಮಾಮೂಲಿ ಸ್ವಿಚ್ಚಿನಂತೆಯೇ ಇತ್ತು. ಒಳಗೆ ಗಡಿಯಾರದ ಸೆಲ್ಲಿನಂಥ ಸಣ್ಣ ಸೆಲ್ಲು. ಬೇಕಾದಲ್ಲಿ ಅಂಟಿಸಿ ಒತ್ತಿದರೆ ಗ್ಯಾರೇಜಿನಲ್ಲಿ ಲೈಟು ಹತ್ತುತ್ತದೆ. ಸುಮಲತಳಿಗೆ ಇದೇ ಹಿಡಿಸಿತು.

ಮುನೀಂದ್ರನ ಕೈ ಮಾತ್ರ ಮೂರನೆಯದಕ್ಕೆ ಹೋಯಿತು. ಅದು ಸೆನ್ಸರು. ಬಾಗಿಲ ಮೇಲೆ ಕೂರಿಸಿದರೆ ಆಳು ಬಂದದ್ದನ್ನು ತಾನೇ ಕಂಡು ಲೈಟು ಹಾಕುತ್ತದೆ.

"ಇದೇ ಇರ್ಲಿ. ನಾನು ಕಾಲಿಟ್ರೆ ಅದೇ ಅತ್ಕೋಬೇಕು. ಯಾರ್ನೂ ಕೇಳೋ ಅಂಗೆ ಇರ್ಬಾರ್ದು."

ಕಲ್ಪನ ಅದನ್ನೇ ಹಾಕಿ ಹೋದಳು.

ಎಂಟು ದಿನ ಕಳೆದಿರಲಿಲ್ಲ, ಅವಳಿಗೆ ಮುನೀಂದ್ರನ ಫೋನು. "ನೀನು ಕೊಟ್ಟ ಪೀಸು ಸರಿಯಿಲ್ಲಮ್ಮ. ಒಂದೊಂದಿನ ಅತ್ಕಂತದೆ, ಒಂದೊಂದಿನ ಇಲ್ಲ." ಅಂದೇ ಸಂಜೆ ಆರಕ್ಕೆ ಕಲ್ಪನ ಬಂದಳು. ಸೂರ್ಯ ಹಳೆಯ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಹಿಂದೆ ಇಳಿದಿದ್ದ. ಗ್ಯಾರೇಜಿನೊಳಗೆ ತೆಳುವಾದ ಬೆಳಕು ಉಳಿದಿತ್ತು. ಅವಳು ಬಾಗಿಲಲ್ಲಿ ಎರಡು ಸಲ ಓಡಾಡಿದಳು. ಲೈಟು ಹತ್ತಲಿಲ್ಲ. ಮುನೀಂದ್ರ ಕೈ ಬೀಸಿದ. ಆಗಲೂ ಹತ್ತಲಿಲ್ಲ.

"ನೋಡ್ದಾ?" ಎಂದ.

ಕಲ್ಪನ ಏಣಿ ಹತ್ತಿ ಸೆನ್ಸರಿನ ಮುಖಕ್ಕೆ ಅಂಗೈ ಅಡ್ಡ ಹಿಡಿದಳು. ತಕ್ಷಣ ಲೈಟು ಹತ್ತಿತು. "ಪೀಸು ಚೆನ್ನಾಗೇ ಅದೆ ಅಣ್ಣ. ಕತ್ಲಾಗೋ ತನ್ಕ ಇದು ಅತ್ಕೊಳಲ್ಲ, ಕರೆಂಟು ಉಳೀಲಿ ಅಂತ ಅಂಗೆ ಮಾಡವ್ರೆ. ಇನ್ನೂ ಬೆಳಕದೆಯಲ್ಲ, ಅದ್ಕೇ ಸುಮ್ನೆ ಅದೆ." ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಲೈಟು ಆರಿತು.

"ಇದನ್ನ ಬೆಳಕು ಅಂತೀಯಾ ನೀನು?"

ಕಲ್ಪನ ಏಣಿಯ ಮೇಲಿಂದಲೇ ಅವನನ್ನು ನೋಡಿದಳು. ಗೋಡೆಯ ಕ್ಯಾಲೆಂಡರಿನ ತಾರೀಕು ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಇದನ್ನು ಬಿಚ್ಚಿ ಸರಿ ಮಾಡೋಣ ಎಂದುಕೊಂಡು, "ಆ ಸ್ಕ್ರೂಡ್ರೈವರ್ ಕೊಡಣ್ಣ, ನಿನ್ ಬಲಗಡೆ ನೆಲದ್ಮೇಲೆ ಅದೆ," ಎಂದಳು. ಮುನೀಂದ್ರ ಬಗ್ಗಿದ. ಅವನ ಕೈ ನೆಲವನ್ನು ಸವರಿತು, ಆಯಿಲ್ ಡಬ್ಬಕ್ಕೆ ತಗಲಿತು, ಇನ್ನೊಂದು ಕಡೆ ಹೋಯಿತು. ಕೆಂಪು ಹಿಡಿಯ ಸ್ಕ್ರೂಡ್ರೈವರು ಅವನ ಪಾದದ ಪಕ್ಕದಲ್ಲೇ ಬಿದ್ದಿತ್ತು.

ಕಾಫಿ ತಂದಿದ್ದ ಸುಮಲತ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಲೋಟಗಳನ್ನು ಬೆಂಚಿನ ಮೇಲಿಟ್ಟು, ಸ್ಕ್ರೂಡ್ರೈವರು ಎತ್ತಿ ಕಲ್ಪನಳಿಗೆ ಕೊಟ್ಟಳು. ಗಂಡನ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

"ಯಾವಾಗ್ನಿಂದ ಇಂಗೆ?"

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. "ಮೂರು ವರ್ಸ ಆಯ್ತು," ಎಂದ. "ಅಗಲೊತ್ತು ಏನೂ ತೊಂದ್ರೆ ಇಲ್ಲ. ಒತ್ತು ಇಳೀತಿದ್ದಂಗೆ ಮಂಜು ಕವಿದಂಗೆ ಆಗ್ತದೆ. ನಮ್ಮಪ್ಪನ್ಗೂ ಅಂಗೇ ಇತ್ತು."

ಅವನ ತಂದೆ ದೊಡ್ಡವೆಂಕಟಪ್ಪ ಹೊತ್ತು ಮುಳುಗುವ ಮೊದಲೇ ಹೊಲದಿಂದ ಮನೆ ಸೇರುತ್ತಿದ್ದ. ಬಲು ಶಿಸ್ತಿನ ಮನುಷ್ಯ ಎಂದು ಊರೆಲ್ಲ ಹೊಗಳುತ್ತಿತ್ತು. ಅದು ಇರುಳುಗಣ್ಣು ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು. ಮಗನೂ ಅದನ್ನೇ ಮುಚ್ಚಿಟ್ಟುಕೊಂಡು ಬಂದಿದ್ದ. ಸಂಜೆ ಗಾಡಿ ತೆಗೆದುಕೊಳ್ಳಲು ಬಂದವರಿಗೆ "ನೀವೇ ಒಂದು ರೌಂಡು ಓಡ್ಸಿ ನೋಡಿ" ಎನ್ನುತ್ತಿದ್ದ. ಮದುವೆ ಮುಂಜಿಗೆ ಸುಮಲತಳನ್ನು ಒಬ್ಬಳನ್ನೇ ಕಳಿಸುತ್ತಿದ್ದ. ಕೆಲಸವಿದೆ ಎನ್ನುವುದು ನೆಪ. ಮೆಕ್ಯಾನಿಕ್ಕಿಗೆ ಕಣ್ಣು ಕಾಣಿಸುವುದಿಲ್ಲವೆಂದು ಗೊತ್ತಾದರೆ ಯಾರು ಗಾಡಿ ತಂದಾರು ಎಂಬುದು ಅವನ ಭಯ.

"ನಂಗಾದ್ರೂ ಏಳ್ಬೋದಿತ್ತು," ಎಂದಳು ಸುಮಲತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮದುವೆ ಮನೆಗಳಲ್ಲಿ ಒಬ್ಬಳೇ ಕೂತು ಉಂಡು ಬಂದ ಸಂಜೆಗಳು ಅವಳಿಗೆ ನೆನಪಾಗುತ್ತಿದ್ದವು.

ಮುಂದಿನ ವಾರ ಗಂಡ ಹೆಂಡತಿ ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋದರು. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನ ಹಿಂದಿನ ಪರದೆ ನಿಧಾನವಾಗಿ ಸವೆಯುತ್ತಿದೆ, ಮೊದಲಿನಂತೆ ಮಾಡಿಕೊಡುವ ಔಷಧಿ ತಮ್ಮಲ್ಲಿಲ್ಲ ಎಂದರು. ಹಗಲು ಕೆಲಸ ಮಾಡಲು ಅಡ್ಡಿಯಿಲ್ಲ, ಸಂಜೆಯ ಮೇಲೆ ಗಾಡಿ ಓಡಿಸಬಾರದು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ವಾಪಸು ಬರುವಾಗ ಮುನೀಂದ್ರ ಕಿಟಕಿಯ ಪಕ್ಕ ಕೂತು ಮಾಲೂರಿನ ತನಕ ಹೊರಗೆ ನೋಡುತ್ತಿದ್ದ. ಆಮೇಲೆ ಹಸಿವಾಗುತ್ತಿದೆ ಎಂದ. ಸುಮಲತ ಚಿತ್ರಾನ್ನದ ಡಬ್ಬಿ ಬಿಚ್ಚಿದಳು.

ಭಾನುವಾರ ಕಲ್ಪನ ಮತ್ತೆ ಬಂದಳು. ಈ ಸಲ ಡಬ್ಬಿಗಳನ್ನು ಬೆಂಚಿನ ಮೇಲೆ ಹರಡಲಿಲ್ಲ. "ಅಣ್ಣ, ನೀನು ಬೆಳಿಗ್ಗೆ ಎದ್ದಾಗ್ನಿಂದ ಮಲಗೋ ತನ್ಕ ಎಲ್ಲೆಲ್ಲಿ ಓಡಾಡ್ತೀಯಾ, ನಡೆದು ತೋರ್ಸು," ಎಂದಳು. ಅವನು ನಡೆದ. ಬಚ್ಚಲು, ಅಡುಗೆಮನೆಯ ಬಾಗಿಲು, ಎರಡು ಮೆಟ್ಟಿಲು, ಅಂಗಳ, ಗ್ಯಾರೇಜು, ಗೇಟು. ಎಲ್ಲಿ ಎಡವುತ್ತಾನೆ ಎಂಬುದನ್ನು ಅವನೇ ಹೇಳಿದ. ಮೂರು ವರ್ಷದಲ್ಲಿ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಮ್ಮೆ ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

ಮೂವರೂ ಕೂತು ತೀರ್ಮಾನ ಮಾಡಿದರು. ಸೆನ್ಸರು ಬೇಡ, ಫೋನೂ ಬೇಡ. ಸುಮಲತ ಮೆಚ್ಚಿದ್ದ ರಿಮೋಟ್ ಸ್ವಿಚ್ಚೇ ಸರಿ. ಅಡುಗೆಮನೆಯ ಬಾಗಿಲಲ್ಲಿ ಒಂದು, ಗೇಟಿನ ಕಂಬಕ್ಕೆ ಒಂದು, ಕೀ ಗೊಂಚಲಿಗೆ ಸಿಕ್ಕಿಸಿಕೊಳ್ಳಲು ಒಂದು. ಯಾವುದನ್ನು ಒತ್ತಿದರೂ ಮೆಟ್ಟಿಲು, ಅಂಗಳ, ಗ್ಯಾರೇಜು ಮೂರೂ ಕಡೆ ಒಟ್ಟಿಗೆ ಬೆಳಕಾಗಬೇಕು. ಒತ್ತಿದ್ದು ಕೈಗೆ ತಿಳಿಯುವ ಹಾಗೆ ಟಕ್ಕೆನ್ನುವ ಗಟ್ಟಿ ಬಟನ್ನು ಬೇಕೆಂದು ಮುನೀಂದ್ರ ಕೇಳಿದ. ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯದಂತೆ ಕಲ್ಪನ ಲೈಟುಗಳನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದಳು. ಕರೆಂಟು ಹೋದಾಗ ಉರಿಯಲೆಂದು ಮೆಟ್ಟಿಲ ಬಳಿ ಬ್ಯಾಟರಿಯ ಬಲ್ಬು ಹಾಕಿದಳು. ಕೆಲಸ ಮುಗಿದಾಗ ಹೊರಗೆ ಮಬ್ಬಾಗಿತ್ತು. ಮುನೀಂದ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಟನ್ನು ಒತ್ತಿದ. ಅಂಗಳವನ್ನು ಯಾರ ಕೈಯನ್ನೂ ಹಿಡಿಯದೆ, ನೆಲವನ್ನು ಕಾಲಿನಿಂದ ತಡವದೆ ದಾಟಿದ. ಗ್ಯಾರೇಜು ಸೇರಿ, ಚೆಲ್ಲಾಡಿದ್ದ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ಹಲಗೆಗೆ ತೂಗುಹಾಕಿದ.

ಗಿರಾಕಿಗಳಿಗೂ ಅವನೇ ಹೇಳಿದ. ಒಬ್ಬಿಬ್ಬರು ಬೇರೆ ಗ್ಯಾರೇಜಿಗೆ ಹೋದರು. ಉಳಿದವರು ಗಾಡಿಯನ್ನು ಬೆಳಿಗ್ಗೆಯೇ ತಂದು ಬಿಡತೊಡಗಿದರು. ಐದರ ಮೇಲೆ ರಿಪೇರಿಯಾದ ಬೈಕನ್ನು ಓಡಿಸಿ ನೋಡುವ ಕೆಲಸ ಈಗ ಸುಮಲತಳದು. ಗೇರಿನ ಬೈಕು ಅವಳಿಗೆ ಹೊಸದು. ಎರಡು ಭಾನುವಾರ ಮೈದಾನದಲ್ಲಿ ಅಭ್ಯಾಸ ಮಾಡಿ, ಲೈಸೆನ್ಸಿಗೂ ಅದನ್ನು ಸೇರಿಸಿಕೊಂಡಳು. ಮೊನ್ನೆ ಪಕ್ಕದ ನಂದಿದುರ್ಗ ಗಣಿಯ ಕಡೆ ಹೋಗಿ ಬಂದು ಬೈಕು ನಿಲ್ಲಿಸಿದಳು.

"ಕ್ಲಚ್ಚು ಗಟ್ಟಿ ಅದೆ," ಎಂದಳು.

"ಗಟ್ಟಿ ಇಲ್ಲ. ನಾನೇ ಸಡಿಲ ಮಾಡಿವ್ನಿ."

"ಓಡ್ಸಿದ್ದು ನಾನು. ಗಟ್ಟಿ ಅದೆ."

ಮುನೀಂದ್ರ ಸ್ಪ್ಯಾನರು ತೆಗೆದುಕೊಂಡು ಕೇಬಲ್ಲಿನ ಬಳಿ ಕೂತ.