ಮನೆಯಲ್ಲಿ ಹೇಳಿ ಬರಬೇಕಾದ ಕಥೆ

ಎಸ್ತೇರಮ್ಮ ಟೀಚರ್ ಪ್ರಾರ್ಥನೆಗೆ ನಮ್ಮೆಲ್ಲರ ಕಣ್ಣು ಮುಚ್ಚಿಸಿ ತಾವು ಮಾತ್ರ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು. ಒಮ್ಮೆ ಕದ್ದು ನೋಡಿ ಸಿಕ್ಕಿಬಿದ್ದವಳು ನಾನು. ಬಾಯಿ ಸುಮ್ಮನಿರದೆ ಯಾಕೆಂದು ಕೇಳಿಯೂಬಿಟ್ಟೆ. "ಯಾರರೆ ಒಬ್ಬರು ಎಚ್ಚರ ಇರಬೇಕಲ್ಲವಾ? ಇಲ್ಲಂದ್ರ ನಿಮ್ಮ ಚಪ್ಪಲ್ ನಾಯಿ ಒಯ್ತಾವ" ಎಂದರು. ಮುಖದಲ್ಲಿ ನಗು ಇರಲಿಲ್ಲ.

ಶಹಾಬಾದಿನಲ್ಲಿ ನಮ್ಮದು ಖಣಿಯಲ್ಲಿ ಕಲ್ಲು ತೆಗೆಯುವವರ ಓಣಿ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಸಂಡೇ ಸ್ಕೂಲ್. ವಾರವೆಲ್ಲ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿ ಗಂಟಲು ಒಣಗಿಸಿಕೊಂಡ ಟೀಚರ್ ಅಲ್ಲಿ ನಮಗೆ ಯೇಸುವಿನ ಕಥೆ ಹೇಳುತ್ತಿದ್ದರು. ಬೇರೆ ಕಡೆ ಬಾಯಿಪಾಠ ಒಪ್ಪಿಸಿದವರಿಗೆ ಪೇಡೆ ಸಿಗುತ್ತಿತ್ತಂತೆ. ಇಲ್ಲಿ ಅದೆಲ್ಲ ಇಲ್ಲ. ಕೇಳಿದ ಕಥೆಯನ್ನು ಮನೆಯಲ್ಲಿ ದೊಡ್ಡವರಿಗೆ ಹೇಳಬೇಕು, ಅವರು ತಿರುಗಿ ಏನು ಕೇಳಿದರೋ ಅದನ್ನು ಮುಂದಿನ ವಾರ ತರಬೇಕು. "ಹೇಳಿ ಬರ್ರಿ. ಹೇಳಲಾರದೇ ಬಂದವರು ಬಾಗಲದಾಗೇ ಕುಂದ್ರಿ" ಎನ್ನುತ್ತಿದ್ದರು. ನಮ್ಮ ಅಪ್ಪ, ಅವ್ವಂದಿರಿಗೆ ಓದು ಬರುತ್ತಿರಲಿಲ್ಲ. ಪಾಸ್ಟರ್ ಹೇಳುವ ದೊಡ್ಡ ಮಾತುಗಳು ಅವರ ತಲೆಗೆ ಹತ್ತುತ್ತಿರಲಿಲ್ಲ. ರೊಟ್ಟಿ ಬಡಿಯುವ ಅವ್ವನ ಎದುರು ಕೂತು ನಾವು ಒದರಿದ್ದೇ ಅವರಿಗೆ ತಲುಪಿದ್ದು.

ಪಾಲು ಇಸಿದುಕೊಂಡು ಊರು ಬಿಟ್ಟ ಮಗ ಎಲ್ಲ ಕಳೆದುಕೊಂಡು ತಿರುಗಿ ಬಂದಾಗ ಅಪ್ಪ ಓಡಿಹೋಗಿ ತಬ್ಬಿಕೊಂಡ ಕಥೆಯನ್ನು ಒಂದು ವಾರ ಮನೆಗೆ ಒಯ್ದೆ. ಅವ್ವ ಒಲೆಯ ಮುಂದಿನಿಂದ ಏಳದೆ, "ಎಲ್ಲಾ ಖರೇ. ಆ ಮನ್ಯಾಗ ಅವ್ವ ಇರಲಿಲ್ಲೇನು?" ಎಂದಳು. ಬೈಸಿಕೊಳ್ಳುತ್ತೇನೆಂದು ಹೆದರುತ್ತಲೇ ಅದನ್ನು ಟೀಚರಿಗೆ ಮುಟ್ಟಿಸಿದೆ. ಅವರು ಬೈಯಲಿಲ್ಲ. "ನಿಮ್ಮವ್ವಗ ಹೇಳು, ಟೀಚರಿಗೂ ಗೊತ್ತಿಲ್ಲಂತ. ಇಷ್ಟು ವರ್ಷ ಹೇಳಾಕತ್ತೀನಿ, ನಾ ಕೇಳ್ಕೊಂಡೇ ಇಲ್ಲ ನೋಡು." ಈ ಉತ್ತರ ಕೇಳಿ ಅವ್ವ ಉಬ್ಬಿಹೋದಳು. ಅಲ್ಲಿಂದ ಮುಂದೆ ಅವಳು ಒಂದು ಭಾನುವಾರವೂ ಚರ್ಚು ತಪ್ಪಿಸಲಿಲ್ಲ.

ಟೀಚರ ಒಬ್ಬನೇ ಮಗ ಪ್ರಭಾಕರ ನಮ್ಮ ಸಾಲಿನ ಕೊನೆಗೆ ಕೂರುತ್ತಿದ್ದ. ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ ಅವನ ತಂದೆ ಬೇಗ ತೀರಿಕೊಂಡಿದ್ದರು. ಮಗನೆಂಬ ಸಲಿಗೆ ಬೇಡವೆಂದು ಅವನೂ ಅವರನ್ನು ಟೀಚರ್ ಎಂದೇ ಕರೆಯಬೇಕಿತ್ತು. ಹೇಳದೆ ಬಂದವನೆಂದು ಬಾಗಿಲಲ್ಲಿ ಹೆಚ್ಚು ಕೂತವನೂ ಅವನೇ. ಓದಿನಲ್ಲಿ ಜಾಣ, ಆದರೂ ಇದೊಂದರಲ್ಲಿ ಮೈಗಳ್ಳ ಎಂದು ನಾವೆಲ್ಲ ತಿಳಿದಿದ್ದೆವು.

ಮುಂದೆ ಅವನು ಸಿಮೆಂಟ್ ಕಾರ್ಖಾನೆ ಸೇರಿ ಕಾರ್ಖಾನೆಯವರ ಕಾಲೋನಿ ಆದಿತ್ಯನಗರದಲ್ಲಿ ಮನೆ ಮಾಡಿದ. ಚರ್ಚಿನ ಕಡೆ ತಲೆ ಹಾಕಲಿಲ್ಲ. ಆ ಹೊತ್ತಿಗೆ ನಾನು ಸೇಡಂನಲ್ಲಿ ಶಿಕ್ಷಕಿ. ಒಂದು ದಿನ ಟೀಚರ್ ಬಸ್ಸಿಳಿದು ನೇರ ನನ್ನ ಮನೆಗೆ ಬಂದರು. "ಸುಗುಣಾ, ನನ್ನ ಜೊತಿ ನಡಿ. ಓಣಿ ಮಕ್ಕಳಿಗೆಲ್ಲಾ ಕಥಿ ಕೊಟ್ಟೀನಿ, ನನ್ನ ಮೊಮ್ಮಗಳಿಗೇ ಕೊಡಲಿಲ್ಲಂದ್ರ ಏನು ಬಂತು?"

ನಾವು ಪ್ರಭಾಕರನ ಮನೆ ಮುಟ್ಟಿದಾಗ ಮೊಮ್ಮಗಳು ಸ್ನೇಹಾ ಟ್ಯೂಷನ್ನಿಗೆ ಹೊರಟು ನಿಂತಿದ್ದಳು. ಬೇಸಿಗೆ ರಜೆಗೆ ಅವಳನ್ನು ಶಹಾಬಾದಿಗೆ ಕಳಿಸು, ಸಂಡೇ ಸ್ಕೂಲಿನಲ್ಲಿ ಕೂರಲಿ ಎಂದು ಟೀಚರ್ ಕೇಳಿದರು. ಪ್ರಭಾಕರ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚಲೋ ಇತ್ತು.

"ಅವ್ವಾ, ಎಲ್ಲಾರಿಗಿ ಮನ್ಯಾಗ ಹೇಳಿ ಬರ್ರಿ ಅಂತಿದ್ದಿ. ನಾ ಯಾರಿಗಿ ಹೇಳಬೇಕಿತ್ತು? ಅಪ್ಪ ಇರಲಿಲ್ಲ. ಮನ್ಯಾಗೂ ಟೀಚರೇ ಇದ್ದರು. ಒಂದ್ಸಲ ನಿನಗೇ ಹೇಳಾಕ ಬಂದೆ. 'ನಾ ಹೇಳಿದ್ದೇ ನನಗ ಹೇಳ್ತೀ ಏನು' ಅಂದಿ. ಅಕಿಗಿ ಅದೆಲ್ಲಾ ಬ್ಯಾಡ, ಬಿಡು."

ತಿರುಗಿ ಬರುವಾಗ ಬಸ್ಸಿನಲ್ಲಿ ಟೀಚರ್ ಒಂದೇ ಮಾತಾಡಿದರು: "ಹಂಗ ಅಂದಿದ್ದೆ. ಖರೇ ಅದ." ನನಗೆ ಅವರ ಮೇಲೆ ಎಷ್ಟು ಮರುಕವೋ ಅಷ್ಟೇ ಕೋಪವೂ ಬಂತು. ಊರಿನ ಮಕ್ಕಳಿಗೆ ಸಿಕ್ಕಿದ್ದು ಆ ಹುಡುಗನಿಗೆ ಸಿಕ್ಕಿರಲಿಲ್ಲ.

ಟೀಚರ್ ತೀರಿಹೋಗಿ ಎರಡು ವರ್ಷವಾಯಿತು. ಈಗ ಭಾನುವಾರ ಪಡಸಾಲೆಯಲ್ಲಿ ಯಾರೂ ಕೂರುವುದಿಲ್ಲ. ಮಕ್ಕಳಿಗೆ ಟ್ಯೂಷನ್ನು, ಹೇಳಿಕೊಡುವವರಿಗೆ ಪುರುಸೊತ್ತಿಲ್ಲ. ಆರಾಧನೆಗೆ ಬರುವ ಇಬ್ಬರು ಮೂವರು ಮಕ್ಕಳಿಗೆ ಪಾಸ್ಟರ್ ಫೋನಿನಲ್ಲಿ ಹಾಡು ಹಾಕಿ ಕಳಿಸುತ್ತಾರೆ. ಸೇಡಂನಿಂದ ಬಂದು ನಾನು ಕೆಲವು ವಾರ ನಡೆಸಿದೆ. ಮನೆಯಲ್ಲಿ ಹೇಳಿ ಬರ್ರಿ ಎಂದು ಅನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಕೊನೆಯ ಸಲ ನಾನು ಟೀಚರನ್ನು ನೋಡಿದ್ದು ಶಹಾಬಾದಿನ ಅವರ ಮನೆಯಲ್ಲೇ. ಹಾಸಿಗೆ ಹಿಡಿದಿದ್ದರು. ಡ್ಯೂಟಿ ಮುಗಿಸಿ ಬಂದ ಪ್ರಭಾಕರ ಕಾಲ ಹತ್ತಿರ ಕೂತ. ಅವನ ಅಂಗಿಯ ಮೇಲೆ ಸಿಮೆಂಟಿನ ಧೂಳು ಹಾಗೇ ಇತ್ತು.

"ಪ್ರಭು, ನನಗ ಒಂದು ಕಥಿ ಹೇಳಪಾ. ಯಾವುದಾದರೂ ಆಗಲಿ. ನಾ ನಡುವ ಬಾಯಿ ಹಾಕಂಗಿಲ್ಲ."

ಅವನು ಅಂಗಿಯ ಧೂಳನ್ನು ಉಗುರಿನಿಂದ ಕೆರೆಯತೊಡಗಿದ. ನೆನಪು ಮಾಡಿಕೊಳ್ಳಲು ಪ್ರಯತ್ನ ಮಾಡುತ್ತಿದ್ದನೆಂದು ನಾನು ಆಣೆ ಮಾಡಿ ಹೇಳಬಲ್ಲೆ.

"ಒಂದೂ ನೆನಪಿಲ್ಲವ್ವ."

"ಇರಲಿ ಬಿಡು" ಎಂದರು ಟೀಚರ್. "ಊಟ ಮಾಡಿಯೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನಿಗೆ ಬಡಿಸಲೆಂದು ಅವರು ಏಳಲು ನೋಡಿದರು, ಆಗಲಿಲ್ಲ.