ಬಿಡ್ತೇನಿ ಅಂದಿದ್ದೆ

ಅಜಿತ, ನಿನ್ನ ಮೊಣಕಾಲು ಆಟದಲ್ಲಿ ಮುರಿಯಲಿಲ್ಲ. ನಾನು ಮುರಿದೆ. ಇಪ್ಪತ್ತೆರಡು ವರ್ಷಗಳಿಂದ ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಮರಾಠಿ ಸೀಮೆಯ ನಮ್ಮ ಮಾಲಗಾಂವದ ಕಬಡ್ಡಿ ತಂಡದಲ್ಲಿ ಮನೆಮಾತು ಕನ್ನಡ ಇದ್ದವರು ನಾವಿಬ್ಬರೇ. ಎದುರಾಳಿಗೆ ತಿಳಿಯಬಾರದ್ದನ್ನೆಲ್ಲ ಕನ್ನಡದಲ್ಲಿ ಕೂಗುತ್ತಿದ್ದೆವು—ಎಡಗಾಲು ಹಿಡಿ, ಹಿಂದಕ್ಕ ಸರಿ. ಒಬ್ಬ ಕೂಗಿದರೆ ಇನ್ನೊಬ್ಬ ತಿರುಗಿಯೂ ನೋಡದೆ ಹಾಗೇ ಮಾಡುತ್ತಿದ್ದ. ಎಷ್ಟೋ ಪಂದ್ಯ ಗೆದ್ದದ್ದು ಅದರಿಂದಲೇ.

ಸಾಂಗ್ಲಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಉಳಿದದ್ದು ಒಂದೇ ಜಾಗ. ನಮ್ಮನ್ನು ಎದುರುಬದುರು ಆಡಿಸಿದರು. ನೀನು ನನಗಿಂತ ಚೆನ್ನಾಗಿ ಆಡುತ್ತಿದ್ದೆ—ಆರಿಸುವವರಿಗಿಂತ ಮೊದಲೇ ಅದು ನನಗೆ ಗೊತ್ತಿತ್ತು. ನೀನು ರೇಡಿಗೆ ಬಂದೆ. ಮೂಲೆಯಲ್ಲಿ ನಿಂತಿದ್ದ ನಾನು ಮೆಲ್ಲಗೆ ಅಂದೆ:

"ಈ ಕಡೆ ಬಾರೋ, ಬಿಡ್ತೇನಿ."

ನೀನು ಬಂದೆ. ಮೈ ಬಿಗಿಹಿಡಿಯದೆ, ಕಾಲನ್ನು ಹಗುರಾಗಿ ಚಾಚಿ—ನನ್ನ ಕಡೆ ನೀನು ಬರುತ್ತಿದ್ದದ್ದೇ ಹಾಗೆ. ನಾನು ಪಾದ ಹಿಡಿದು ತಿರುವಿದೆ. ಬರೀ ಹಿಡಿಯುವುದಕ್ಕೆ ತಿರುವಬೇಕಾಗಿರಲಿಲ್ಲ... ಉಳಿದವರೆಲ್ಲ ಮೇಲೆ ಬಿದ್ದರು. ಆ ಗದ್ದಲದಲ್ಲಿ ಯಾರ ಕೈ ಏನು ಮಾಡಿತೆಂದು ಯಾರಿಗೂ ಕಾಣಲಿಲ್ಲ.

ಮಿರಜದ ಆಸ್ಪತ್ರೆಯಲ್ಲಿ ನಿನ್ನ ಅವ್ವ ನನ್ನ ತಲೆ ಸವರಿದರು. "ಆಟದಾಗ ಹಿಂಗ ಆಗ್ತೈತಿ. ನೀ ಅಳಬ್ಯಾಡ, ಚಹಾ ಕುಡಿ." ಕುಡಿದೆ. ಅಳು ನಿಜವಾದದ್ದೇ, ಆದರೂ ಬಾಯಿ ಬಿಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನೀನೂ ಹೇಳಲಿಲ್ಲ.

ಆ ಜಾಗ ನನಗೆ ಸಿಕ್ಕಿತು. ಅದರ ಪ್ರಮಾಣಪತ್ರ ತೋರಿಸಿಯೇ ಶಾಲೆಯಲ್ಲಿ ಆಟದ ಮಾಸ್ತರನಾದೆ. ತಂಡದ ಆಟ ಮಕ್ಕಳಿಗೆ ಒಬ್ಬರನ್ನೊಬ್ಬರು ನಂಬುವುದನ್ನು ಕಲಿಸುತ್ತದೆ ಎಂದು ಪ್ರತಿ ವರ್ಷ ಪಾಲಕರ ಸಭೆಯಲ್ಲಿ ಹೇಳುತ್ತೇನೆ. ಸುಳ್ಳೇನಲ್ಲ, ನಿನಗೆ ಕಲಿಸಿತ್ತು. ನನಗೆ ಕಲಿಸಿದ್ದು—ನಂಬಿದವನ ಕಾಲು ಎಷ್ಟು ಸಡಿಲವಿರುತ್ತದೆ ಎಂಬುದನ್ನು. ಆಮೇಲೆ ನಾನು ಒಳ್ಳೆಯವನಾದೆ ಎನ್ನಲು ನನ್ನ ಬಳಿ ಏನೂ ಇಲ್ಲ.

ಹೋದ ವಾರ ನೀನು ನಿನ್ನ ಮಗಳ ಹಟಕ್ಕೆ ಸೋತು, ಕಾಲೆಳೆಯುತ್ತ ಅವಳನ್ನು ನನ್ನ ತಂಡಕ್ಕೆ ಸೇರಿಸಲು ಬಂದೆ. "ಆರಾಮ ಇದ್ದೀಯೇನೋ?" ಎಂದೆ ನಾನು.

"ಬರಾ ಆಹೇ, ಸರ್."

ಆರಾಮ ಇದ್ದೇನೆ ಎಂದದ್ದೂ ಮರಾಠಿಯಲ್ಲೇ; ಕಾಲು ಮುರಿದ ದಿನದಿಂದ ನನ್ನೊಂದಿಗೆ ನಿನ್ನದು ಬರೀ ಮರಾಠಿ. ನನ್ನತ್ತ ನೋಡದೆ ಮಗಳಿಗೂ ಮರಾಠಿಯಲ್ಲೇ ಹೇಳಿದೆ—ಯಾರು ಏನೇ ಹೇಳಲಿ, ಕಾಲು ಬಿಗಿ ಇಟ್ಟುಕೊ ಎಂದು. ಅವಳು ತಲೆಯಾಡಿಸಿದಳು. ಹನ್ನೆರಡು ವರ್ಷದ ಹುಡುಗಿ, ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲ.

ಅಂದು ಸಂಜೆಯೇ ಇದನ್ನು ಬರೆಯಲು ಕೂತೆ. ಕನ್ನಡದ ಅಕ್ಷರ ನನಗೆ ನಮ್ಮ ಅಜ್ಜ ಕಲಿಸಿದ್ದು. ನಿನಗೆ ಯಾರೂ ಕಲಿಸಲಿಲ್ಲ. ನಿನಗೆ ಓದಲು ಬರುವುದು ಮರಾಠಿ ಮಾತ್ರ. ಅದು ಗೊತ್ತಿದ್ದೇ, ಅಜಿತ, ಕನ್ನಡದಲ್ಲಿ ಬರೆಯುತ್ತಿದ್ದೇನೆ.